ಉಜನಿ ‘ಮೈನಸ್’ ಆಯಿತು ಅಂದರೆ ಏನು? ಬರದ ಪಾಠದಲ್ಲಿ ನಾನು ಎಡವಿದ ಜಾಗ

ಪುಣೆಯಲ್ಲಿ ನಾವು ನಾಲ್ಕು ಜನ ಕನ್ನಡದವರು ಸ್ಪರ್ಧಾತ್ಮಕ ಪರೀಕ್ಷೆಗೆ ಒಟ್ಟಿಗೆ ಓದುತ್ತಿದ್ದೇವೆ. ಈ ವಾರ ನನ್ನ ಪಾಲಿಗೆ ಬಂದದ್ದು ಬರ. ಸುಲಭ ಅಂದುಕೊಂಡಿದ್ದೆ. ಆದರೆ ಉಜನಿ ಅಣೆಕಟ್ಟಿನ (ಮಹಾರಾಷ್ಟ್ರದಲ್ಲಿ ಭೀಮಾ ನದಿಗೆ ಕಟ್ಟಿದ್ದು) ನೀರಿನ ಲೆಕ್ಕದಲ್ಲಿ ಬರುವ ಒಂದೇ ಒಂದು ಮೈನಸ್ ಚಿಹ್ನೆ ನನ್ನ ಎರಡು ಸಂಜೆ ತಿಂದುಹಾಕಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮಳೆ ಕಡಿಮೆ ಬಿದ್ದರೆ ಹವಾಮಾನ ಬರ. ಬೆಳೆಗೆ ಬೇಕಾದ ಹೊತ್ತಿಗೆ ಮಣ್ಣಲ್ಲಿ ತೇವ ಇಲ್ಲದಿದ್ದರೆ ಕೃಷಿ ಬರ. ಬಾವಿ, ಕೆರೆ, ಅಣೆಕಟ್ಟು ಇಳಿದರೆ ಜಲ ಬರ. ಇದು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ಮೈನಸ್ ಲೆಕ್ಕ

ನಮ್ಮ ಮಾಮಾನ ಹೊಲ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಉಜನಿಯಿಂದ ಕೆಳಗೆ ಭೀಮೆಯ ದಂಡೆಗೆ. 2024ರ ಬೇಸಿಗೆಯಲ್ಲಿ ಫೋನ್ ಮಾಡಿದ್ದರು. "ಉಜನಿ ಮೈನಸ್ ಆಗೇತಿ ಅಂತ ಪೇಪರಿನ್ಯಾಗ ಬಂದೈತಿ. ಮತ್ತ ಹೊಳಿಗೆ ನೀರು ಎಲ್ಲಿಂದ ಬಂತೋ ತಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ನೋಡಿ ಹೇಳ್ತೀನಿ ಮಾಮಾ" ಅಂದು ಜಾರಿಕೊಂಡೆ. ಖಾಲಿಗಿಂತ ಖಾಲಿ ಹೇಗಾಗುತ್ತದೆ ಅನ್ನೋದು ನನಗೂ ಒಗಟೇ ಆಗಿತ್ತು.

ಉತ್ತರ ಇಷ್ಟೇ. ಉಜನಿಯಲ್ಲಿ ತುಂಬಿದಾಗ 117.23 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಈ 117ರಲ್ಲಿ ಮೇಲಿನ 53.57 ಟಿಎಂಸಿ ಬಳಕೆಯ ನೀರು, ಕೆಳಗಿನ 63.66 ಟಿಎಂಸಿ ‘ಮೃತ ಸಂಗ್ರಹ’, ಅಂದರೆ ಮಾಮೂಲಿ ಬಳಕೆಯ ಲೆಕ್ಕಕ್ಕೆ ಹಿಡಿಯದ ತಳದ ನೀರು. ಗಮನಿಸಿ, ಮೃತ ಪಾಲೇ ಜಾಸ್ತಿ! ಪೇಪರಿನಲ್ಲಿ ಬರುವ ಶೇಕಡಾ ಒಟ್ಟು ನೀರಿನದಲ್ಲ. ಬರೀ ಮೇಲಿನ 53.57ರದ್ದು.

ಹಾಗಾಗಿ ಸೊನ್ನೆ ಅಂದರೆ ತಳ ಕಂಡಿತು ಅಂತಲ್ಲ. ಮೇಲಿನ ಪಾಲು ಮುಗಿಯಿತು, ಕೆಳಗೆ ಇನ್ನೂ 63.66 ಇದೆ. ಅಲ್ಲಿಂದ ತೆಗೆದದ್ದನ್ನೂ ಅದೇ 53.57ರಿಂದಲೇ ಭಾಗಿಸಿ, ಮುಂದೆ ಮೈನಸ್ ಹಾಕುತ್ತಾರೆ.

ನಾನು ಎಡವಿದ್ದು ಇಲ್ಲೇ. ಮೈನಸ್ 50 ಅಂದರೆ ಮೃತ ಸಂಗ್ರಹದ ಅರ್ಧ ಹೋಯಿತು ಅಂದುಕೊಂಡೆ. ತಪ್ಪು. 53.57ರ ಅರ್ಧ 26.79. ಅಷ್ಟು ಹೋಗಿದೆ. 63.66ರಲ್ಲಿ ಅದನ್ನು ಕಳೆದರೆ ಉಳಿದದ್ದು 36.87 ಟಿಎಂಸಿ. ಪುಣೆ ನಗರಕ್ಕೆ ನೀರು ಕೊಡುವ ಖಡಕವಾಸಲಾ, ಪಾನಶೇತ್, ವರಸಗಾಂವ್, ಟೆಮಘರ್ ನಾಲ್ಕೂ ತುಂಬಿದರೆ ಬಳಕೆಯ ನೀರು 29 ಟಿಎಂಸಿ ಚಿಲ್ಲರೆ. ಅಂದರೆ ಮೈನಸ್ 50ರ ಉಜನಿಯಲ್ಲಿ ಅದಕ್ಕಿಂತ ಜಾಸ್ತಿ ನೀರಿದೆ!

ಇನ್ನೂ ಒಂದು ಮಜಾ ಇದೆ. ಮೈನಸ್ 100 ಆದರೂ ಲೆಕ್ಕದ ಪ್ರಕಾರ ಅಣೆಕಟ್ಟು ಪೂರ್ತಿ ಬರಿದಲ್ಲ. 63.66ನ್ನು 53.57ರಿಂದ ಭಾಗಿಸಿದರೆ 1.19 ಬರುತ್ತದೆ. ಅಂದರೆ ತಳ ಇರುವುದು ಮೈನಸ್ 119ರ ಹತ್ತಿರ. ತಳದಲ್ಲಿ ಹೂಳೂ ಇರುತ್ತದೆ, ಆದ್ದರಿಂದ ಇದು ಕಾಗದದ ಮೇಲಿನ ಲೆಕ್ಕ ಅಷ್ಟೇ.

ಮಾಮಾನ ಪ್ರಶ್ನೆಗೂ ಉತ್ತರ ಸಿಕ್ಕಿತು. ಮಟ್ಟ ಮೃತ ಸಂಗ್ರಹದಲ್ಲಿ ತೀರಾ ಕೆಳಗೆ ಇಳಿದರೆ ಕಾಲುವೆಗೆ ನೀರು ಏರುವುದಿಲ್ಲ. ಆದರೆ ಆಗ ಸೊಲ್ಲಾಪುರದ ಕುಡಿಯುವ ನೀರಿಗಾಗಿ ಭೀಮೆಗೆ ಬಿಡುತ್ತಿದ್ದರು. ಅದು ಹೊಳೆಯಲ್ಲಿ ಹರಿದು ಗಡಿಯ ಔಜ್, ಚಿಂಚಪುರ ಬ್ಯಾರೇಜುಗಳಿಗೆ ಬರುತ್ತಿತ್ತು. ಮಾಮಾ ಕಂಡದ್ದು ಆ ನೀರನ್ನೇ.

ನೀವೇ ಒಂದು ಮಾಡಿ ನೋಡಿ: ಉಜನಿ ಪ್ಲಸ್ 20 ಇದ್ದರೆ ಒಟ್ಟು ನೀರೆಷ್ಟು? 53.57ರ ಶೇ 20 ಅಂದರೆ 10.71. ಅದಕ್ಕೆ 63.66 ಕೂಡಿಸಿ, 74.37. ನಮ್ಮ ರೂಮಿನವನಿಗೆ 23 ಬಂತು. ಅವನು 117ರ ಮೇಲೆ ಶೇಕಡಾ ಹಾಕಿ, ಮೃತ ಸಂಗ್ರಹ ಕೂಡಿಸುವುದನ್ನೇ ಬಿಟ್ಟಿದ್ದ.

ಎರಡು ‘ಸಾಮಾನ್ಯ’

ಇಲ್ಲೂ ಅದೇ ತೊಂದರೆ, ಅಂಕಿ ಯಾವ ಲೆಕ್ಕದ್ದು ಅಂತ ನೋಡಬೇಕು. ಹವಾಮಾನ ಇಲಾಖೆ ಜಿಲ್ಲೆಯ ಮಳೆಯನ್ನು ‘ಸಾಮಾನ್ಯ’ ಅನ್ನುವುದು ಅಲ್ಲಿನ ಸರಾಸರಿಗೆ ಹೋಲಿಸಿ ಶೇ ಮೈನಸ್ 19ರಿಂದ ಪ್ಲಸ್ 19ರವರೆಗೆ. ಮೈನಸ್ 20ರಿಂದ 59 ಕೊರತೆ, 60 ಮುಟ್ಟಿದರೆ ಭಾರೀ ಕೊರತೆ. ಆದರೆ ಇಡೀ ದೇಶದ ಮುಂಗಾರಿನ ಮುನ್ಸೂಚನೆಯಲ್ಲಿ ‘ಸಾಮಾನ್ಯ’ ಅಂದರೆ ಸರಾಸರಿಯ ಶೇ 96ರಿಂದ 104 ಮಾತ್ರ. ಸರಾಸರಿ ಅಂದರೆ 1971ರಿಂದ 2020ರವರೆಗಿನದು, 87 ಸೆಂ.ಮೀ. ದೊಡ್ಡ ಜಾಗದಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಮುಚ್ಚುತ್ತದೆ, ಅದಕ್ಕೇ ಆ ಪಟ್ಟಿ ಕಿರಿದು. ನನ್ನ ಬಸ್ ದಿನಾ ಸಿಮ್ಲಾ ಆಫೀಸ್ ಚೌಕದಲ್ಲಿ ನಿಲ್ಲುತ್ತದೆ. ಹವಾಮಾನ ಕಚೇರಿ 1928ರಲ್ಲಿ ಸಿಮ್ಲಾದಿಂದ ಬಂದದ್ದರಿಂದ ಆ ಹೆಸರು. ಈ ಪಾಠ ಓದುವವರೆಗೆ ನನಗೆ ಅದು ಬರೀ ಸ್ಟಾಪು.

2023ನ್ನೇ ನೋಡಿ. ದೇಶದ ಮುಂಗಾರು ಶೇ 94. ಆರು ಕಡಿಮೆ, ಅಷ್ಟೇನಾ ಅನಿಸುತ್ತದೆ. ಆದರೆ ಆ ಆಗಸ್ಟ್‌ನಲ್ಲಿ ಶೇ 36 ಕೊರತೆ, 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಸೋಯಾ ಹೂವು, ಕಾಯಿಗೆ ಬರುವ ಹೊತ್ತು ಅದು. ಅಕ್ಟೋಬರ್ 31ರಂದು ಮಹಾರಾಷ್ಟ್ರ 40 ತಾಲ್ಲೂಕುಗಳಲ್ಲಿ ಬರ ಘೋಷಿಸಿತು. ಪುಣೆ ಜಿಲ್ಲೆಯ ಪುರಂದರ, ಬಾರಾಮತಿ, ದೌಂಡ್, ಶಿರೂರು, ಇಂದಾಪುರ ಅದರಲ್ಲಿದ್ದವು. ಇಂದಾಪುರ ಅಂದರೆ ಉಜನಿ ಹಿನ್ನೀರಿನ ದಂಡೆಯ ತಾಲ್ಲೂಕು! ಅಣೆಕಟ್ಟು ತುಂಬುವುದು ಸಹ್ಯಾದ್ರಿಯ ಮಳೆಯಿಂದ. ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ. ಮೇಲೆ ಸುರಿಯುತ್ತದೆ, ಇಂದಾಪುರ ಮೋಡ ತಡೆಯುವ ಬೆಟ್ಟಗಳ ಆಚೆ, ಮಳೆಯ ನೆರಳಿನಲ್ಲಿ ಕೂತಿದೆ. ಹಿನ್ನೀರು ತೀರಾ ಇಳಿದ ವರ್ಷ ಪಳಸದೇವದ ಮುಳುಗಿದ ಹಳೇ ಗುಡಿ ಮೇಲೆ ಕಾಣಿಸುತ್ತದೆ. ಜನ ದೋಣಿ ಬಿಟ್ಟು ನಡೆದೇ ಹೋಗಿ ಕೈಮುಗಿಯುತ್ತಾರೆ.

ಬರ ಘೋಷಣೆಗೆ ಮಳೆ ಒಂದೇ ಸಾಲದು. ಬಿತ್ತನೆ, ಉಪಗ್ರಹದಲ್ಲಿ ಕಾಣುವ ಬೆಳೆಯ ಹಸಿರು, ಮಣ್ಣಿನ ತೇವ, ಜಲಾಶಯ, ಅಂತರ್ಜಲ ಎಲ್ಲ ನೋಡುತ್ತಾರೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣೆ ಕೈಪಿಡಿಯಲ್ಲಿದೆ, ಒಮ್ಮೆ ಕಣ್ಣಾಡಿಸಿ ಸಾಕು.

ಮುನ್ಸೂಚನೆಯ ನಕ್ಷೆ

ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯ ನಕ್ಷೆಯಲ್ಲಿ ಕಡು ಬಣ್ಣ ಅಂದರೆ ಜಾಸ್ತಿ ಮಳೆ ಅಂತ ಓದಬೇಡಿ. ಕಡಿಮೆ, ಸಾಮಾನ್ಯ, ಹೆಚ್ಚು ಅಂತ ಮೂರು ಪಾಲು ಮಾಡಿ, ಯಾವುದಕ್ಕೆ ಸಾಧ್ಯತೆ ಎಷ್ಟು ಅಂತ ತೋರಿಸಿರುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಶೇ 33. ‘ಹೆಚ್ಚು’ ಅನ್ನುವುದಕ್ಕೆ 45 ಇದ್ದರೆ, ಹಾಗಾಗದಿರುವ ಸಾಧ್ಯತೆ ಇನ್ನೂ 55 ಇದೆ. ಎಷ್ಟು ಮಿ.ಮೀ. ಬೀಳುತ್ತದೆ ಅನ್ನುವುದು ಆ ಬಣ್ಣದಲ್ಲಿ ಇಲ್ಲವೇ ಇಲ್ಲ.

ಸೊಲ್ಲಾಪುರ, ವಿಜಯಪುರ ಕಡೆಗೆ ಇನ್ನೊಂದು ತಿದ್ದುಪಡಿ ಬೇಕು. ಅಲ್ಲಿ ಜಾಸ್ತಿ ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಹಿಂಗಾರಿ ಬಿಳಿಜೋಳ ನಿಲ್ಲುವುದು ಎರೆಮಣ್ಣು ಆಗ ಕುಡಿದಿಟ್ಟ ತೇವದ ಮೇಲೆ. ಆಗಸ್ಟ್ ಕೊನೆಯ ನಕ್ಷೆ ನೋಡಿ "ಈ ವರ್ಷ ಹೋಯ್ತು" ಅಂತ ಮಾಮಾಗೆ ಹೇಳಿದ್ದೆ. ಅವರು ನಕ್ಕರು. "ಉತ್ತರಿ ಮಳಿ ಇನ್ನೂ ಹುಟ್ಟೇ ಇಲ್ಲ. ಅದಾದಮ್ಯಾಗ ಹಸ್ತಾ ಐತಿ. ಆಮ್ಯಾಗ ಫೋನ್ ಹಚ್ಚು."