ತೀರ್ಪು ಬಂದ ಮೇಲೆ

ಹೆಣ್ಣುಮಕ್ಕಳ ಆಸ್ತಿ ಮತ್ತು ಜೀವನಾಂಶದ ಕೇಸು ನಡೆಸುವ ನನ್ನಂಥ ವಕೀಲರಿಗೆ 1986 ವಿಚಿತ್ರವಾದ ವರ್ಷ. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೇರಿ ರಾಯ್ ಪರವಾಗಿ ತೀರ್ಪು ಕೊಟ್ಟಿತು. ಮೇ ತಿಂಗಳ ಹೊತ್ತಿಗೆ, ಇಂದೋರಿನ ಮುಸ್ಲಿಂ ಮಹಿಳೆ ಶಾ ಬಾನೋ ಹಿಂದಿನ ವರ್ಷ ಗೆದ್ದಿದ್ದನ್ನು ವಾಪಸ್ ತೆಗೆದುಕೊಳ್ಳುವಂಥ ಕಾಯ್ದೆಯನ್ನು ಸಂಸತ್ತು ಪಾಸು ಮಾಡಿತು.

ಮೇರಿ ರಾಯ್ ಕೊಟ್ಟಾಯಂನಲ್ಲಿ ಶಾಲೆ ಕಟ್ಟಿದವರು, ಸಿರಿಯನ್ ಕ್ರಿಶ್ಚಿಯನ್. 1916ರ ತಿರುವಾಂಕೂರು ಕಾಯ್ದೆ ಪ್ರಕಾರ ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದು ಸಮಾನತೆಗೆ ವಿರುದ್ಧ ಎಂದು ಅವರು ಕೇಳಿದರು. ಕೋರ್ಟು ಆ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಆ ಹಳೇ ಕಾಯ್ದೆ 1951ರಲ್ಲೇ ರದ್ದಾಗಿದೆ, ಅಂದಿನಿಂದ ನಡೆಯಬೇಕಾದದ್ದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅದರಲ್ಲಿ ಮಗ ಮಗಳು ಇಬ್ಬರೂ ಸಮ ಎಂದಿತು. ಒಂದು ತಾಂತ್ರಿಕ ಉತ್ತರ, ಆದರೆ ಮೂವತ್ತೈದು ವರ್ಷ ಹಿಂದಕ್ಕೂ ಅನ್ವಯ!

ಅದಾದ ಮೇಲೆ ಏನಾಯಿತು ಎಂಬುದು ನನಗೆ ಹೆಚ್ಚು ಮುಖ್ಯ. ಆ ಸಮಾನತೆ ಇರುವುದು ವಿಲ್ ಇಲ್ಲದ ಆಸ್ತಿಗೆ ಮಾತ್ರ. ಹಾಗಾಗಿ ಗಂಡುಮಕ್ಕಳ ಹೆಸರಿಗೆ ವಿಲ್ ಬರೆಯಿರಿ ಎಂಬ ಸಲಹೆ ಚರ್ಚಿನ ವಲಯದಿಂದಲೇ ಬಂತು. ಮೇರಿ ರಾಯ್‌ಗೂ ತಮ್ಮ ಪಾಲು ಕೈಸೇರಲು ಆಮೇಲೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು.

ಶಾ ಬಾನೋ ಕೇಳಿದ್ದು ಆಸ್ತಿಯಲ್ಲ, ಬರೀ ಜೀವನಾಂಶ. ಮೊದಲು ಮ್ಯಾಜಿಸ್ಟ್ರೇಟ್ ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ತಲಾಖ್ ಆದ ಮೇಲೂ ಗಂಡ ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆ ಆಕೆಯ ಮೇಲೆ ಎಷ್ಟು ಒತ್ತಡ ಬಂತೆಂದರೆ, ಆ ತೀರ್ಪೇ ತನಗೆ ಬೇಡ ಎಂದುಬಿಟ್ಟರು. ವಯಸ್ಸಾದ ಒಬ್ಬ ಹೆಂಗಸು, ಹಿಂದೆ ನಿಲ್ಲುವ ಸಂಘಟನೆ ಇಲ್ಲ. ಇನ್ನೇನು ಮಾಡಿಯಾರು? ಆಕೆಯ ವಕೀಲರಾಗಿದ್ದ ಡೇನಿಯಲ್ ಲತೀಫಿ ಮಾತ್ರ ಬಿಡಲಿಲ್ಲ. 1986ರ ಕಾಯ್ದೆಯನ್ನೇ ಪ್ರಶ್ನಿಸಿದರು. 2001ರಲ್ಲಿ ಕೋರ್ಟು ಕಾಯ್ದೆಯನ್ನು ಉಳಿಸಿಕೊಂಡೇ ಅದರ ಅರ್ಥ ತಿರುಗಿಸಿತು: ಇದ್ದತ್ ಅವಧಿಯೊಳಗೆ, ಅಂದರೆ ತಲಾಖ್ ಆದ ಮೇಲೆ ಹೆಣ್ಣು ಕಾಯಬೇಕಾದ ಸುಮಾರು ಮೂರು ತಿಂಗಳೊಳಗೆ, ಕೊಡಬೇಕು ಸರಿ, ಆದರೆ ಕೊಡಬೇಕಾದದ್ದು ಆಕೆಯ ಮುಂದಿನ ಬದುಕಿಗೆ ಸಾಕಾಗುವಷ್ಟು. ಇಷ್ಟು ಚೆಂದದ ಕಾನೂನು ಓದು ನಾನು ಕಂಡದ್ದು ಕಡಿಮೆ. 2024ರ ಜುಲೈನಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಧರ್ಮದವರೇ ಆದರೂ ಜೀವನಾಂಶ ಕೇಳಬಹುದಾಗಿದ್ದ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನ (ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144) ಬಾಗಿಲು ತಲಾಖ್ ಆದ ಮುಸ್ಲಿಂ ಹೆಣ್ಣಿಗೂ ತೆರೆದೇ ಇದೆ ಎಂದಿತು.

2017ರಲ್ಲಿ ಒಂದೇ ಉಸಿರಿನ ತಲಾಖ್ ವಿರುದ್ಧ ಶಾಯರಾ ಬಾನೋ ಗೆದ್ದಾಗ ಪರಿಸ್ಥಿತಿ ಬೇರೆ ಇತ್ತು. ಜಕಿಯಾ ಸೋಮನ್ ಮತ್ತು ನೂರ್‌ಜೆಹಾನ್ ಸಫಿಯಾ ನಿಯಾಜ್ 2007ರಲ್ಲಿ ಕಟ್ಟಿದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಆ ಹೊತ್ತಿಗೆ ಬಲವಾಗಿ ಬೆಳೆದಿತ್ತು. ಮುಂಬಯಿಯ ಹಾಜಿ ಅಲಿ ದರ್ಗಾದ ಒಳಗೆ ಹೆಂಗಸರಿಗೆ ಪ್ರವೇಶ ಬೇಕೆಂದು ಹೋಗಿ 2016ರಲ್ಲಿ ಹೈಕೋರ್ಟಿನಲ್ಲಿ ಗೆದ್ದವರು ಇವರೇ. ಸಂವಿಧಾನದ ಜೊತೆ ಕುರಾನನ್ನೂ ಹಿಡಿದು ವಾದಿಸುತ್ತಾರೆ. ಹಾಗಂತ ಮುಸ್ಲಿಂ ಮಹಿಳಾ ಸಂಘಟನೆಗಳೆಲ್ಲ ಒಂದೇ ದನಿ ಅಂದುಕೊಳ್ಳಬೇಡಿ. 2019ರ ಕಾಯ್ದೆ ಒಂದೇ ಉಸಿರಿನ ತಲಾಖ್ ಹೇಳಿದ ಗಂಡನಿಗೆ ಮೂರು ವರ್ಷದವರೆಗೆ ಜೈಲು ಎಂದಾಗ, ಮುಂಬಯಿಯ ಇನ್ನೊಂದು ಮುಸ್ಲಿಂ ಮಹಿಳಾ ಸಂಘಟನೆ ಬೇಬಾಕ್ ಕಲೆಕ್ಟಿವ್ ಅದನ್ನು ವಿರೋಧಿಸಿತು. ನನ್ನ ವೋಟು ಬೇಬಾಕ್‌ಗೆ. ಗಂಡ ಜೈಲಿನಲ್ಲಿ ಕೂತರೆ ತಿಂಗಳ ದುಡ್ಡು ಯಾರು ಕೊಡ್ತಾರೆ?

ಹಿಂದೂ ಮನೆಗಳಲ್ಲಿ ಎಲ್ಲ ಸರಿಹೋಗಿದೆ ಎನ್ನುವವರು ಒಮ್ಮೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೂತು ನೋಡಬೇಕು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದಿತು. ಕಾನೂನು ಇಷ್ಟು ಗಟ್ಟಿಯಾದಷ್ಟೂ ಹಕ್ಕು ಬಿಡುಗಡೆ ಪತ್ರದ ಕೆಲಸ ಜೋರಾಗಿದೆ. ಅಣ್ಣ ಕಾರು ಮಾಡಿ ಕರೆದುಕೊಂಡು ಬರುತ್ತಾನೆ. "ಅರಿಶಿನ ಕುಂಕುಮಕ್ಕೆ ಅಂತ ಏನಾದರೂ ಕೊಡ್ತೀವಿ, ಇಲ್ಲಿ ಸೈನ್ ಹಾಕಮ್ಮ." ಭಾಗ ಕೇಳಿದರೆ ತವರು ತಪ್ಪಿಹೋಗುತ್ತದೆ ಎಂಬ ಭಯ ಅವಳಿಗೆ. ಮುಸ್ಲಿಂ ಮನೆಯಲ್ಲಿ ಷರೀಯತ್ ಪ್ರಕಾರ ಮಗನ ಅರ್ಧದಷ್ಟು ಪಾಲು ಮಗಳಿಗೆ ಬರಬೇಕು, ಆ ಅರ್ಧವನ್ನೂ ಬಿಟ್ಟುಕೊಟ್ಟು ಬರುವವರನ್ನು ನೋಡಿದ್ದೇನೆ. ಕ್ರಿಶ್ಚಿಯನ್ ಮನೆಯಲ್ಲಾದರೆ, ಮದುವೆಗೆ ಕೊಟ್ಟಿದ್ದೀವಲ್ಲ ಎಂಬ ಮಾತು.

ಹೀಗೆ ಕರೆತಂದ ಹೆಣ್ಣುಮಗಳು ನನ್ನ ಹತ್ತಿರ ಬಂದರೆ ಮೊದಲು ಪತ್ರವನ್ನು ಪೂರ್ತಿ ಓದಿ ಹೇಳುತ್ತೇನೆ. ಜಮೀನಿನ ಇವತ್ತಿನ ಬೆಲೆ ಎಷ್ಟು, ಅವಳ ಪಾಲಿಗೆ ಎಷ್ಟು ಬರಬೇಕು ಎಂದು ಅಣ್ಣನ ಎದುರಿಗೇ ಲೆಕ್ಕ ಹಾಕಿ ತೋರಿಸುತ್ತೇನೆ. ಅವತ್ತೇ ಸಹಿ ಹಾಕಬೇಡಿ, ಮನೆಗೆ ಹೋಗಿ ಯೋಚನೆ ಮಾಡಿ ಎನ್ನುತ್ತೇನೆ. ಕೆಲವರು ಆಮೇಲೂ ಬಂದು ಸಹಿ ಹಾಕುತ್ತಾರೆ. ಕೆಲವರು ತಂಗಿಯರನ್ನೂ ಕರೆದುಕೊಂಡು ಬರುತ್ತಾರೆ, ದಾವಾ ಹಾಕೋಣ ಎಂದು.