ಯಾವ ಸಾಲು ಹಿಡೀಲಿ ಅಂತ ಮೊದಲು ಕೇಳಬೇಕೇ?

ಓದುಗರ ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ದಿನಾ ಬಳಸುವ ಒಂದು ಸಣ್ಣ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ತಂತ್ರಾಂಶದಲ್ಲಿ ತಪ್ಪೊಂದು ಕಂಡಿದೆ. ಸರಿಮಾಡಲು ನನಗೇ ಬರುತ್ತದೆ, ಎರಡು ಮೂರು ಸಾಲಿನ ಕೆಲಸ. ನೇರವಾಗಿ ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬಹುದೇ, ಮೊದಲು ಕೇಳಬೇಕೇ? ಅದನ್ನು ನೋಡಿಕೊಳ್ಳುವವರು ಒಬ್ಬರೇ ಇದ್ದಂತಿದೆ. ಉತ್ತರವೇ ಬರದಿದ್ದರೆ ಏನು ಮಾಡಲಿ?

ಇದು ತಪ್ಪೇ ಹೌದು ಎಂದು ಯಾರು ನೋಡಿದರೂ ಒಪ್ಪುವಂತಿದ್ದರೆ ನೇರವಾಗಿ ಕಳಿಸಿ. ಕಾಗುಣಿತದ ತಪ್ಪು, ಸತ್ತುಹೋದ ಲಿಂಕ್, ಒಂದು ಬಟನ್ ಒತ್ತಿದರೆ ತಂತ್ರಾಂಶವೇ ಮುಚ್ಚಿಕೊಳ್ಳುವುದು, ಇಂಥವಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನಿಮ್ಮ ತಿದ್ದುಪಡಿಯಿಂದ ತಂತ್ರಾಂಶ ನಡೆದುಕೊಳ್ಳುವ ರೀತಿ ಬದಲಾಗುವುದಾದರೆ, ಅದು ಎರಡೇ ಸಾಲಿನದಾಗಿದ್ದರೂ ಮೊದಲು ಕೇಳಿ.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಅವ್ವ ಮಂದಿಯ ಹೊಲಕ್ಕೆ ಮುಯ್ಯಾಳಾಗಿ ಹೋಗುತ್ತಿದ್ದಳು. ಬದುವಿನ ಮೇಲೆ ಬುತ್ತಿಗಂಟು ಇಟ್ಟು, ಸೆರಗು ಬಿಗಿದುಕೊಂಡು, ಹೊಲದಾಕೆಗೆ ಅವಳು ಕೇಳುತ್ತಿದ್ದ ಮೊದಲ ಮಾತು ಒಂದೇ: "ಯಕ್ಕಾ, ಯಾವ ಸಾಲು ಹಿಡೀಲಿ?" ಮೆಣಸಿನಕಾಯಿ ಬಿಡಿಸುವುದು ಅವ್ವನಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಆದರೆ ಈ ಸಲ ಪೂರ್ತಿ ಕೆಂಪಾದದ್ದನ್ನಷ್ಟೇ ಬಿಡಿಸಬೇಕೋ, ಬೀಜಕ್ಕೆ ಅಂತ ಯಾವ ಸಾಲು ತೆಗೆದಿಟ್ಟಿದ್ದಾರೋ, ಅದು ಹೊಲದವರಿಗೇ ಗೊತ್ತು. ಬೇರೆಯವರ ತಂತ್ರಾಂಶಕ್ಕೆ ಕೈಹಚ್ಚುವಾಗಲೂ ನಾನು ಇದನ್ನೇ ನೆನೆಯುತ್ತೇನೆ.

ಸಣ್ಣ ಪ್ರಾಜೆಕ್ಟಿನಲ್ಲಿ ಕೋಡಿಗೆ ಬರ ಇಲ್ಲ. ಬರ ಇರುವುದು ಅದನ್ನು ನೋಡಿಕೊಳ್ಳುವವರ ಹೊತ್ತಿಗೆ. ನಿಮಗೆ ತಿದ್ದುಪಡಿ ಬರೆಯಲು ಅರ್ಧ ತಾಸು ಸಾಕಾಗಬಹುದು. ಅದನ್ನು ಓದಿ, ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಬೇರೆಲ್ಲಿ ಏನು ಕೆಡುತ್ತದೆ ಎಂದು ತಲೆ ಓಡಿಸಲು ಅವರಿಗೆ ಒಂದು ಇಡೀ ಸಂಜೆ ಬೇಕು. ಮುಂದೆ ನೀವು ಪಾಸಾಗಿ ಬೆಂಗಳೂರೋ ಪುಣೆಯೋ ಸೇರಿದ ಮೇಲೂ, ಆ ಮೂರು ಸಾಲಿನ ಬಗ್ಗೆ ಯಾರಾದರೂ ದೂರು ತಂದರೆ ಉತ್ತರ ಹೇಳುವವರು ಅವರೇ.

ನಾನೂ ಒಂದು ಸಣ್ಣ ತಂತ್ರಾಂಶ ನೋಡಿಕೊಳ್ಳುತ್ತೇನೆ. ಹಳೆಯ ಕನ್ನಡ ಬರಹಗಳ ಫೈಲುಗಳಲ್ಲಿ ಬೇಕಾದ ಪದ ಹುಡುಕಿಕೊಡುವುದು ಅದರ ಕೆಲಸ. ಹಗಲು ಕಂಪನಿಯ ಕೆಲಸ ಇರುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುವ ಚಿಗರಿ ಬಸ್ಸಿನಲ್ಲಿ ಫೋನ್ ತೆಗೆದು ಹೊಸ ಇಶ್ಯೂ, ಅಂದರೆ ಬಳಸುವವರು ಬರೆದ ದೂರು, ಓದುತ್ತೇನೆ, ರಾತ್ರಿ ಊಟ ಆದ ಮೇಲೆ ಕೋಡ್ ತೆರೆಯುತ್ತೇನೆ. ನಿಮ್ಮ ಪ್ರಾಜೆಕ್ಟಿನವರದೂ ಹೆಚ್ಚುಕಡಿಮೆ ಇದೇ ದಿನಚರಿ ಇರಬಹುದು.

ಎರಡು ವರದಿಗಳ ಕಥೆ ಹೇಳುತ್ತೇನೆ. ಎರಡೂ ಒಂದೇ ತಪ್ಪಿನ ಬಗ್ಗೆ ಬಂದವು. ಮೊದಲನೆಯದರಲ್ಲಿ ಇದ್ದದ್ದು ಇಷ್ಟೇ: "ಸರ್ಚ್ ಕೆಲಸಾ ಮಾಡೂದಿಲ್ಲ, ಅರ್ಜೆಂಟ್ ಸರಿ ಮಾಡ್ರಿ." ಜೊತೆಗೆ ಪರದೆಯ ಫೋಟೋ, ಅದೂ ಅರ್ಧ ಮಸುಕು. ಯಾವ ಪದ, ಯಾವ ಫೈಲ್, ಯಾವ ಆವೃತ್ತಿ ಎಂದು ಕೇಳುತ್ತಾ ಎರಡು ರಾತ್ರಿ ಹೋದವು. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ತಿಂಗಳ ನಂತರ ಧಾರವಾಡದ ವಿದ್ಯಾರ್ಥಿನಿಯೊಬ್ಬಳ ವರದಿ ಬಂತು. ಆವೃತ್ತಿಯ ಸಂಖ್ಯೆ ಇತ್ತು. ಒಂದೇ ಸಾಲಿನ ಒಂದು ಫೈಲ್ ಇತ್ತು, ಅದರಲ್ಲಿ "ಧಾರವಾಡದ ಪೇಡೆ" ಎಂದಷ್ಟೇ ಬರೆದಿತ್ತು. ಕೆಳಗೆ ಹೀಗಿತ್ತು: "ಈ ಫೈಲಿನೊಳಗ ಪೇಡೆ ಅಂತ ಹುಡುಕಿದ್ರ ಸಿಗವಲ್ದು ಸರ್. ಧಾರವಾಡ ಅಂದ್ರ ಸಿಗತೈತಿ. ಕಣ್ಣಿಗೆ ಕಾಣೂ ಪೇಡೆಯೊಳಗ 4 ಸಂಕೇತ ಇರಬೇಕು, ಇಲ್ಲಿ 5 ಅದಾವ."

ಕಾರಣ ಆ ಕೊನೆಯ ಸಾಲಿನಲ್ಲೇ ಇತ್ತು. ಕಂಪ್ಯೂಟರಿಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ "ಪೇ" ಎಂಬ ಅಕ್ಷರವನ್ನು ಎರಡು ರೀತಿ ಬರೆಯಬಹುದು. ಪಕಾರಕ್ಕೆ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಹಚ್ಚುವುದು ಒಂದು. ಮೊದಲು ಹ್ರಸ್ವ ಏತ್ವ ಹಚ್ಚಿ, ಆಮೇಲೆ ದೀರ್ಘದ ಗುರುತನ್ನು ಬೇರೆ ಸಂಕೇತವಾಗಿ ಇಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮ. ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು. ಯೂನಿಕೋಡಿಗೂ ಮುಂಚಿನ ಕನ್ನಡ ಫಾಂಟುಗಳಲ್ಲಿ ದೀರ್ಘದ ಗುರುತು ಬೇರೆಯೇ ಇರುತ್ತಿತ್ತು. ಅಂಥ ಫೈಲನ್ನು ಯೂನಿಕೋಡಿಗೆ ತರುವಾಗ ಎರಡನ್ನೂ ಕೂಡಿಸದೆ ಬಿಟ್ಟರೆ ಇಂಥ ಐದು ಸಂಕೇತದ ಪೇಡೆ ಹುಟ್ಟುತ್ತದೆ.

ತಿದ್ದುಪಡಿ ಒಂದೇ ಸಾಲಿನದು: ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದನ್ನು ಬರೆಯುವುದು ಆಕೆಗೆ ಗೊತ್ತಿತ್ತು. ಆದರೂ ಕಳಿಸುವ ಮೊದಲು ಒಂದು ಮಾತು ಕೇಳಿದಳು: "ಫೈಲ್ ಓದೂ ಮುಂದನ ಒಂದ ರೂಪಕ್ಕ ತರಲೇನ್ರಿ, ಹುಡುಕೂ ಮುಂದ ಅಷ್ಟ ತರಲೇನ್ರಿ?" ಅವ್ವನ ಮಾತೇ ಮತ್ತೆ ಕೇಳಿದಂತಾಯಿತು. ಓದುವಾಗಲೇ ಬದಲಿಸಿದರೆ, ಫೈಲನ್ನು ಸೇವ್ ಮಾಡಿದ ಕೂಡಲೇ ಮೂಲ ಬರಹವೂ ಬದಲಾಗಿಬಿಡುತ್ತದೆ. ಹಳೆಯ ಪ್ರತಿಯನ್ನು ಒಂದಕ್ಷರವೂ ಕದಲದಂತೆ ಕಾಯಬೇಕಾದವರು ನನ್ನ ತಂತ್ರಾಂಶ ಬಳಸುತ್ತಿದ್ದರು. ಅದು ಕೋಡಿನಲ್ಲಿ ಎಲ್ಲೂ ಬರೆದಿರಲಿಲ್ಲ, ನನ್ನ ತಲೆಯಲ್ಲಷ್ಟೇ ಇತ್ತು. ಹುಡುಕುವಾಗ ಮಾತ್ರ ಸಾಕು ಎಂದೆ. ಮರುದಿನ ಬಂದ ಪುಲ್ ರಿಕ್ವೆಸ್ಟನ್ನು ಬಸ್ಸು ನವನಗರ ದಾಟುವುದರೊಳಗೆ ಓದಿ ಮುಗಿಸಿದ್ದೆ. ಆಕೆ ಕೇಳದೆ ಮೊದಲ ದಾರಿಯನ್ನೇ ಹಿಡಿದಿದ್ದರೆ, ಆಕೆಯ ದುಡಿಮೆಯೂ ವ್ಯರ್ಥ, ಬೇಡ ಎಂದು ಹೇಳುವ ಸಂಕಟ ನನಗೆ.

ಕೇಳುವ ಮೊದಲು ಓದುವುದಿರುತ್ತದೆ. ತಂತ್ರಾಂಶದ ಪರಿಚಯ ಇರುವ ರೀಡ್‌ಮಿ ಫೈಲ್ ಓದಿ. ಕಾಂಟ್ರಿಬ್ಯೂಟಿಂಗ್ ಎಂಬ ಫೈಲ್ ಇದ್ದರೆ ಅದನ್ನು ಎರಡು ಸಲ ಓದಿ, ಆ ಮನೆಯ ಪದ್ಧತಿ ಅದರಲ್ಲಿರುತ್ತದೆ. ತೆರೆದಿರುವ ಇಶ್ಯೂಗಳ ಜೊತೆಗೆ ಮುಚ್ಚಿದವನ್ನೂ ಹುಡುಕಿ. ನಿಮ್ಮ ಯೋಚನೆ ಎರಡು ವರ್ಷದ ಹಿಂದೆಯೇ ಯಾರಿಗೋ ಹೊಳೆದು, ಚರ್ಚೆಯಾಗಿ, ಕಾರಣ ಹೇಳಿ ಬೇಡವೆಂದದ್ದು ಅಲ್ಲೇ ಸಿಗಬಹುದು. ಹೊಸ ಆವೃತ್ತಿಯಲ್ಲೂ ಆ ತಪ್ಪು ಇದೆಯೇ ಎಂದು ಓಡಿಸಿ ನೋಡಿ.

ಕೋಡ್ ಕಳಿಸುವಾಗ ಒಂದು ಪುಲ್ ರಿಕ್ವೆಸ್ಟಿಗೆ ಒಂದೇ ಕೆಲಸ. ಒಮ್ಮೆ ಒಬ್ಬರು ಆರು ಸಾಲಿನ ಒಳ್ಳೆಯ ತಿದ್ದುಪಡಿ ಕಳಿಸಿದರು. ಆದರೆ ಅವರ ಎಡಿಟರ್ ಫೈಲನ್ನು ಸೇವ್ ಮಾಡುವಾಗೆಲ್ಲ ತನ್ನ ಪದ್ಧತಿಗೆ ಜೋಡಿಸಿಕೊಳ್ಳುತ್ತಿತ್ತು. ಟ್ಯಾಬ್ ಇದ್ದಲ್ಲಿ ಸ್ಪೇಸ್, ಒಂಟಿ ಉದ್ಧರಣ ಚಿಹ್ನೆ ಇದ್ದಲ್ಲಿ ಜೋಡಿ. ನನಗೆ ಕಂಡದ್ದು ತೆಗೆದದ್ದು ಕೆಂಪು, ಸೇರಿಸಿದ್ದು ಹಸಿರು, ಹೀಗೆ ಸಾವಿರಕ್ಕೂ ಮಿಕ್ಕಿದ ಸಾಲುಗಳು. ಆ ಆರು ಸಾಲು ಎಲ್ಲಿವೆ ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯಿತು. ನಿಮಗೆ ಅವರ ಶೈಲಿ ಹಿಡಿಸದಿದ್ದರೂ ಅವರ ಫೈಲಿನಲ್ಲಿ ಅವರ ಶೈಲಿಯಲ್ಲೇ ಬರೆಯಿರಿ. ಕಳಿಸುವ ಮೊದಲು ಡಿಫ್, ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ, ತೆರೆದು, ಬೇರೆಯವರದೆಂಬಂತೆ ಒಂದು ಸಲ ಓದಿ. ಬದಲಾವಣೆಯ ಜೊತೆ ಬರೆಯುವ ಕಮಿಟ್ ಸಂದೇಶದಲ್ಲಿ ಏನು ಬದಲಿಸಿದೆ ಎನ್ನುವುದಕ್ಕಿಂತ ಯಾಕೆ ಬದಲಿಸಿದೆ ಎಂಬುದು ಇರಲಿ. ಏನು ಎಂಬುದು ಡಿಫ್‌ನಲ್ಲೇ ಕಾಣುತ್ತದೆ.

ಇಂಗ್ಲಿಷ್ ಚೆನ್ನಾಗಿಲ್ಲ ಎಂಬ ಅಳುಕಿನಿಂದ ನಮ್ಮ ಕಡೆಯ ಎಷ್ಟೋ ಹುಡುಗರು ಹಿಂದೆ ಸರಿಯುತ್ತಾರೆ. ಅದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಸಣ್ಣ ಸಣ್ಣ ವಾಕ್ಯ ಸಾಕು: ನಾನು ಇದು ಮಾಡಿದೆ, ಇದಾಯಿತು, ಇದಾಗಬೇಕಿತ್ತು. ಚಾಟ್‌ಬಾಟ್ ಬರೆದುಕೊಟ್ಟ ಎರಡು ಪುಟದ ನುಣುಪು ಇಂಗ್ಲಿಷಿಗಿಂತ ಆ ಮೂರು ವಾಕ್ಯಕ್ಕೆ ಹೆಚ್ಚು ಬೆಲೆ ಇದೆ. ಕೋಡಿಗೂ ಇದೇ ಮಾತು. ಯಾವ ಸಾಲು ಯಾಕೆ ಇದೆ ಎಂದು ಕೇಳಿದರೆ ನಿಮಗೆ ಹೇಳಲು ಬರದಂಥ ಸಾಲು ಕಳಿಸಬೇಡಿ. ಕರ್ಲ್ ಎಂಬ ತಂತ್ರಾಂಶ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರ ಬರೆದ ಸುಳ್ಳು ದೋಷವರದಿಗಳು ತಮ್ಮ ಹೊತ್ತು ತಿನ್ನುತ್ತಿವೆ ಎಂದು 2024ರಿಂದಲೂ ಬಹಿರಂಗವಾಗಿ ಹೇಳುತ್ತಲೇ ಬಂದಿದ್ದಾರೆ.

ಪ್ರೊಫೈಲಿನಲ್ಲಿ ಕೊಡುಗೆಯ ಲೆಕ್ಕ ತೋರಿಸುವ ಹಸಿರು ಚೌಕ ತುಂಬಲಿ, ರೆಸ್ಯೂಮೆಯಲ್ಲಿ ಒಂದು ಸಾಲು ಬರಲಿ ಎಂದು ಕಳಿಸುವವರೂ ಇದ್ದಾರೆ. 2020ರ ಅಕ್ಟೋಬರಿನಲ್ಲಿ ಇದು ವಿಪರೀತಕ್ಕೆ ಹೋಯಿತು. ಓಪನ್ ಸೋರ್ಸಿಗೆ ಕೈಜೋಡಿಸಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಎಂದಿತ್ತು. ರೀಡ್‌ಮಿಯಲ್ಲಿ ಒಂದು ವಿಶೇಷಣ ಸೇರಿಸಿ ಕಳಿಸುವವರ ದಂಡೇ ನುಗ್ಗಿತು. ಆಯೋಜಕರಾದ ಡಿಜಿಟಲ್‌ಓಷನ್‌ನವರು ಅದೇ ತಿಂಗಳು ನಿಯಮ ಬದಲಿಸಿ, ಒಪ್ಪಿ ಮುಂದೆ ಬಂದ ಪ್ರಾಜೆಕ್ಟುಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು.

ಇನ್ನು ಉತ್ತರ ಬಾರದ ಮಾತು. ಎರಡು ಮೂರು ವಾರ ಸುಮ್ಮನಿರಿ. ಆಮೇಲೆ ಒಂದು ಸಲ ಸೌಜನ್ಯದಿಂದ ನೆನಪು ಮಾಡಿ: "ಬಿಡುವಾದಾಗ ನೋಡಿರಿ, ಬದಲಾವಣೆ ಬೇಕಿದ್ದರೆ ಮಾಡಿಕೊಡುತ್ತೇನೆ." ಅಷ್ಟೇ. ಅದರ ಮೇಲೆ ಒತ್ತಡ ಬೇಡ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ಆ ಒತ್ತಡ ಎಲ್ಲಿಗೆ ಮುಟ್ಟಬಲ್ಲದೆಂದು 2024ರಲ್ಲಿ ಜಗತ್ತೇ ನೋಡಿತು.

ಎಕ್ಸ್‌ಝಡ್ ಯುಟಿಲ್ಸ್ ಎಂಬುದು ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ತಂತ್ರಾಂಶ. ಲಿನಕ್ಸ್ ಓಡುವ ಬಹುಪಾಲು ಕಂಪ್ಯೂಟರುಗಳಲ್ಲಿ ಅದು ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಲಸ್ಸೆ ಕಾಲಿನ್ ಎಂಬ ಒಬ್ಬರೇ. 2022ರಲ್ಲಿ, ಕೆಲಸ ನಿಧಾನವಾಯಿತು, ಬೇರೆಯವರಿಗೆ ವಹಿಸಿಕೊಡಿ ಎಂದು ಪರಿಚಯವಿಲ್ಲದ ಹೆಸರುಗಳಿಂದ ಅವರಿಗೆ ಪತ್ರದ ಮೇಲೆ ಪತ್ರ ಬಂದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಉತ್ತರಿಸಿದ್ದರು. ಅದೇ ಹೊತ್ತಿಗೆ ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಒಬ್ಬರು ತಾಳ್ಮೆಯಿಂದ ಸಹಾಯ ಮಾಡುತ್ತಾ ಹತ್ತಿರವಾಗಿ, ಕೊನೆಗೆ ಪ್ರಾಜೆಕ್ಟಿನ ಕೀಲಿಕೈಯನ್ನೇ ಪಡೆದರು. 2024ರ ಫೆಬ್ರವರಿ ಮತ್ತು ಮಾರ್ಚಿನಲ್ಲಿ ಬಂದ 5.6.0 ಹಾಗೂ 5.6.1 ಆವೃತ್ತಿಗಳಲ್ಲಿ, ಹೊರಗಿನವರು ಗುಟ್ಟಾಗಿ ಒಳಹೊಗಬಹುದಾದ ಕಳ್ಳಬಾಗಿಲು ಇತ್ತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಅದನ್ನು ಪತ್ತೆಹಚ್ಚಿ ಮಾರ್ಚ್ 29ರಂದು ಬಹಿರಂಗಪಡಿಸಿದರು. ಅವಸರ ಮಾಡಿದ ಆ ಹೆಸರುಗಳೂ ಅದೇ ಸಂಚಿನ ಭಾಗವೇ ಇರಬೇಕೆಂದು ಬಹಳ ಜನ ಶಂಕಿಸುತ್ತಾರೆ. "ಯಾಕ್ರೀ ಇನ್ನೂ ಮಾಡಿಲ್ಲ" ಎಂಬ ಮಾತು ಒಂಟಿಯಾಗಿ ದುಡಿಯುವವರ ಮೇಲೆ ಎಷ್ಟು ಭಾರ ಹಾಕುತ್ತದೆ ಎಂದು ಆ ಪತ್ರಗಳನ್ನು ಬರೆದವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಬೇಡ ಎಂದರೆ? ಕಾರಣ ಕೇಳಬಹುದು, ಒಂದು ಸಲ. ನಿಮಗೆ ಆ ಬದಲಾವಣೆ ಬೇಕೇ ಬೇಕಿದ್ದರೆ ಫೋರ್ಕ್ ಮಾಡಿ, ಅಂದರೆ ಕೋಡಿನ ನಿಮ್ಮದೇ ಪ್ರತಿ ಮಾಡಿಕೊಂಡು, ಅದರಲ್ಲಿ ಇಟ್ಟುಕೊಳ್ಳಿ. ಎಂಐಟಿ, ಜಿಪಿಎಲ್‌ನಂಥ ಪರವಾನಗಿಗಳು ಆ ಹಕ್ಕು ಕೊಡುತ್ತವೆ, ಅದರಲ್ಲಿ ಜಗಳ ಏನೂ ಇಲ್ಲ. ಮೂಲ ಲೇಖಕರ ಹೆಸರು ಮತ್ತು ಪರವಾನಗಿಯ ಪಠ್ಯ ಮಾತ್ರ ಅಳಿಸಬೇಡಿ.

ಕನ್ನಡ ಅನುವಾದಕ್ಕೆ ಕೈಹಾಕುವವರಿಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ನಮ್ಮವರು ಹೆಚ್ಚು ಎಡವುವುದು ಅಲ್ಲಿ. ಹಿಂದಿನವರು "ಕಡತ" ಎಂದದ್ದನ್ನೆಲ್ಲ "ಫೈಲ್" ಮಾಡುವುದು, ಇಲ್ಲವೇ ಅದರ ತಿರುವುಮುರುವು, ತಿದ್ದುಪಡಿಯಲ್ಲ, ರುಚಿಯ ಮಾತು. ಅದನ್ನು ಮೊದಲು ಅವರೊಡನೆ ಮಾತಾಡಿ. ಆದರೆ ಬಳಸುವವರಿಗೆ ತೊಂದರೆಯಾಗುವಂಥದು ಕಂಡರೆ ಧೈರ್ಯವಾಗಿ ಹೇಳಿ. "ಉಳಿಸು" ಮತ್ತು "ಅಳಿಸು" ಎಂಬ ಎರಡು ಬಟನ್ ಅಕ್ಕಪಕ್ಕ ಇದ್ದ ಪರದೆಯೊಂದನ್ನು ನಾನು ನೋಡಿದ್ದೇನೆ. ಒಂದಕ್ಷರದ ಅಂತರ, ಸಣ್ಣ ಫೋನು, ಚಾಳೀಸು ಬಂದ ಕಣ್ಣು. ಅಲ್ಲಿ "ಅಳಿಸು" ಬದಲು "ತೆಗೆದುಹಾಕು" ಎಂದರೆ ಎಷ್ಟೋ ಜನರ ಕೆಲಸ ಉಳಿಯುತ್ತದೆ.

ಈಗ ನಿಮ್ಮ ಆ ಎರಡು ಮೂರು ಸಾಲಿಗೆ ಬರೋಣ. ತಪ್ಪು ಏನೆಂದು ನೀವು ಬರೆದಿಲ್ಲ, ಹಾಗಾಗಿ ಒಂದು ಇಶ್ಯೂ ತೆರೆಯುವುದೇ ಒಳ್ಳೆಯದು. ತಪ್ಪನ್ನು ತೋರಿಸುವ ಅತಿ ಚಿಕ್ಕ ಉದಾಹರಣೆ ಹಚ್ಚಿ. ಕೊನೆಗೆ, ತಿದ್ದುಪಡಿ ನನ್ನ ಹತ್ತಿರ ತಯಾರಿದೆ, ಹೀಗೆ ಮಾಡಬೇಕೆಂದಿದ್ದೇನೆ, ಒಪ್ಪಿಗೆಯೇ ಎಂದು ಒಂದು ಸಾಲು ಬರೆಯಿರಿ. ಉತ್ತರ ಬರುವವರೆಗೆ ಅದೇ ಪ್ರಾಜೆಕ್ಟಿನ ಬೇರೆ ಇಶ್ಯೂಗಳನ್ನು ಓದಿ, "ಈ ತಪ್ಪು ನನ್ನಲ್ಲೂ ಬರುತ್ತದೆ, ಈ ಆವೃತ್ತಿಯಲ್ಲಿ" ಎಂದು ಖಾತ್ರಿ ಮಾಡಿ ಬರೆಯಬಹುದು. ಪೇಡೆಯ ತಪ್ಪು ಹಿಡಿದ ಹುಡುಗಿ ಈಗ ನನ್ನ ಪ್ರಾಜೆಕ್ಟಿಗೆ ಬರುವ ವರದಿಗಳನ್ನು ನನಗಿಂತ ಮೊದಲು ಓದುತ್ತಾಳೆ. ಮಸುಕು ಫೋಟೋ ಕಳಿಸಿದವರಿಗೆ "ಯಾವ ಪದ ಹುಡುಕಿದ್ರಿ, ಆ ಫೈಲೊಂದಿಷ್ಟು ಕಳಸ್ರಿ" ಎಂದು ಆಕೆಯೇ ಬರೆದಿರುತ್ತಾಳೆ.