ಶಾಸನದ ಶಕವರ್ಷ ಇಸವಿಗೆ: 78 ಕೂಡಬೇಕಾ, 77 ಕೂಡಬೇಕಾ?

ಶಕವರ್ಷಕ್ಕೆ 78 ಕೂಡಿದರೆ ಇಸವಿ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನಾನು ಎಡವಿದ್ದು ಶ್ರವಣಬೆಳಗೊಳದಲ್ಲಿರುವ ವಿಜಯನಗರದ ಅರಸ ಬುಕ್ಕರಾಯನ ಶಾಸನದಲ್ಲಿ.

ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ಅರಸನಲ್ಲಿ ದೂರು ಕೊಡುತ್ತಾರೆ. ಬುಕ್ಕ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಡುತ್ತಾನೆ. ಎರಡು ದರ್ಶನಗಳಿಗೂ ಭೇದವಿಲ್ಲ ಅನ್ನುತ್ತಾನೆ. ಜೈನರ ಪಂಚಮಹಾವಾದ್ಯ, ಕಲಶಗಳ ಹಕ್ಕು ಉಳಿಯುತ್ತದೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಅನ್ನುವ ಏರ್ಪಾಡೂ ಇದೆ. ಸುಣ್ಣದವರೆಗೂ ಯೋಚಿಸಿದ್ದಾರಲ್ಲ, ನನಗೆ ಬಹಳ ಇಷ್ಟವಾದ ಜಾಗ ಇದು.

ತೇದಿ: ಶಕ 1290, ಕೀಲಕ ಸಂವತ್ಸರ, ಭಾದ್ರಪದ. 1290 ಅಂದರೆ ಆಗ ನಡೆಯುತ್ತಿದ್ದ ವರ್ಷ ಅಂದುಕೊಂಡು 77 ಕೂಡಿದೆ. 1367 ಬಂತು. ಪುಸ್ತಕಗಳಲ್ಲಿ ಇರುವುದು 1368.

ಇಲ್ಲಿ ನಿಧಾನವಾಗಿ ನೋಡಿ. ಮಗುವಿಗೆ 5 ತುಂಬಿದೆ ಅಂದರೆ 6 ನಡೆಯುತ್ತಿದೆ, ಅಲ್ವಾ? ಶಕವರ್ಷದ ಲೆಕ್ಕವೂ ಹಾಗೇ. ಸಾಮಾನ್ಯವಾಗಿ ಶಾಸನ ಕೊಡುವುದು ತುಂಬಿದ ವರ್ಷವನ್ನು. ಅದಕ್ಕೆ 'ಗತ' ಅನ್ನುತ್ತಾರೆ, 78 ಕೂಡಬೇಕು. ಕೆಲವು ಕಡೆ ನಡೆಯುತ್ತಿರುವ ವರ್ಷ, ಅಂದರೆ 'ವರ್ತಮಾನ' ಇರುತ್ತದೆ. ಅದು ಆಗಲೇ ಒಂದು ಜಾಸ್ತಿ ಇರುವುದರಿಂದ 77 ಸಾಕು.

ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಸಂವತ್ಸರದ ಹೆಸರೇ ಸಾಕ್ಷಿ. ಪ್ರಭವದಿಂದ ಕ್ಷಯದವರೆಗೆ 60 ಹೆಸರು, ಮುಗಿದ ಮೇಲೆ ಮತ್ತೆ ಮೊದಲಿಂದ. ಶಕವರ್ಷಕ್ಕೆ 12 ಕೂಡಿ, 60ರಿಂದ ಭಾಗಿಸಿ, ಶೇಷ ನೋಡಿ. 1290 + 12 = 1302. 60 × 21 = 1260. ಶೇಷ 42. ಪ್ರಭವದಿಂದ ಎಣಿಸಿದರೆ 42ನೆಯದು ಕೀಲಕವೇ! ಹೊಂದಿತು, ಹಾಗಾಗಿ ಗತ, 1368. ಅದೇ ಕೀಲಕದ ಜೊತೆ 1291 ಅಂತ ಇದ್ದಿದ್ದರೆ ಶೇಷ 43, ಒಂದು ಜಾಸ್ತಿ. ಆಗ ಅದು ವರ್ತಮಾನ. 77 ಕೂಡಿದರೆ ಮತ್ತೆ 1368ಕ್ಕೇ ಬರುತ್ತೇವೆ. ಶೇಷ ಸೊನ್ನೆ ಬಂದರೆ 60ನೆಯದು, ಕ್ಷಯ. ಈ ಲೆಕ್ಕ ಕೂಡಿಬಂದ ದಿನ ಸಿಕ್ಕ ಸಿಕ್ಕ ಶಾಸನಕ್ಕೆಲ್ಲ ಹಚ್ಚಿ ನೋಡಿದೆ.

ಐಹೊಳೆಯ ಮೇಗುಟಿ ಶಾಸನದಲ್ಲಿ ಈ ಕಷ್ಟವೇ ಇಲ್ಲ. ಶಕರ 556 ವರ್ಷ 'ಸಮತೀತಾಸು', ಅಂದರೆ ಕಳೆದ ಮೇಲೆ ಅಂತ ಶಾಸನದ ಕವಿ ರವಿಕೀರ್ತಿಯೇ ಬಿಡಿಸಿ ಹೇಳಿದ್ದಾನೆ. ನೇರವಾಗಿ 634.

ಇನ್ನೊಂದು: ಮಾಘ, ಫಾಲ್ಗುಣದ ತೇದಿ ಇದ್ದರೆ ಸಾಮಾನ್ಯವಾಗಿ ಹೊಸ ಇಸವಿ ಶುರುವಾಗಿರುತ್ತದೆ, ಗತವರ್ಷಕ್ಕೆ 79 ಕೂಡಿ. ಪುಷ್ಯ ಎರಡು ಇಸವಿಗೂ ಚಾಚುತ್ತದೆ, ಅಲ್ಲಿ ತಿಥಿಯನ್ನೂ ನೋಡಬೇಕು.